ಕೊಳವೆ ಬಾವಿಗಳಲ್ಲಿ ಉಳಿದ ಕೊರೆತದ ಕೆಸರನ್ನು ತೆಗೆದು ನೀರಿನ ಇಳುವರಿ ಸುಧಾರಿಸುವಿಕೆ: ಸಿಂಗಟಗೆರೆ ಹೋಬಳಿ ಹಾಗೂ ಸುತ್ತಲಿನ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಕೊಳವೆ ಬಾವಿಯಲ್ಲಿ ನೀರು ಕಡಿಮೆಯಾದ ಕೂಡಲೇ ಮತ್ತೊಂದು ಕೊಳವೆ ಬಾವಿಗೆ ಅನುಮತಿ, ಸಾಲ ಅಥವಾ ಸಹಾಯಧನ ಕೋರಿ ಅರ್ಜಿ ಸಲ್ಲಿಸುವುದು ರೂಢಿಯಾಗಿರುತ್ತದೆ. ಆದರೆ ನೀರು ಕಡಿಮೆಯಾದ ಬಾವಿಗಳೆಲ್ಲವೂ ಬತ್ತಿದ ಬಾವಿಗಳಲ್ಲ. ಅವುಗಳಲ್ಲಿ ಕೆಲವು ಕಟ್ಟಿಕೊಂಡಿರುತ್ತವೆ. ಕೊರೆಯುವಾಗ ಉಂಟಾದ ಕಲ್ಲಿನ ಹಿಟ್ಟು, ಜೇಡಿ ಮತ್ತು ಕೆಸರು ಬಂಡೆಯ ಬಿರುಕುಗಳ ಬಾಯಿಯಲ್ಲಿ ಸೇರಿಕೊಂಡು, ನೀರು ಇದ್ದರೂ ಬಾವಿಗೆ ಬಾರದಂತೆ ತಡೆಯುತ್ತದೆ. ಇಂತಹ ಬಾವಿಯನ್ನು ಶುಚಿಗೊಳಿಸಲು ತಗಲುವ ವೆಚ್ಚವು ಹೊಸ ಬಾವಿ ಕೊರೆಯಿಸುವ ವೆಚ್ಚದ ಒಂದು ಭಾಗ ಮಾತ್ರ. ಬೇಸಿಗೆಯಲ್ಲಿ ತೆಂಗು, ಅಡಿಕೆ ತೋಟ ಉಳಿಸಿಕೊಳ್ಳಲು ಮೂರನೆಯ, ನಾಲ್ಕನೆಯ ಬಾವಿಗಾಗಿ ಸಾಲ ಮಾಡುವ ಮುನ್ನ ಹಳೆಯ ಬಾವಿಯ ಸ್ಥಿತಿಯನ್ನು ಪರೀಕ್ಷಿಸಿಕೊಳ್ಳುವುದು ಅರ್ಜಿದಾರರ ಹಿತದೃಷ್ಟಿಯಿಂದ ಅತ್ಯವಶ್ಯಕ. ಈ ಪರೀಕ್ಷೆಯನ್ನು ಹೇಗೆ ಮಾಡಬೇಕು, ಶುಚಿಗೊಳಿಸುವ ಕೆಲಸ ಹೇಗೆ ನಡೆಯುತ್ತದೆ, ಯಾವ ಸಂದರ್ಭದಲ್ಲಿ ಅದರಿಂದ ಪ್ರಯೋಜನವಿಲ್ಲ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಪ್ರದೇಶದ ಅಂತರ್ಜಲ ಸ್ಥಿತಿ

ಸಿಂಗಟಗೆರೆಯು ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕಿನ ಹೋಬಳಿ ಕೇಂದ್ರ. ಇದೇ ಜಿಲ್ಲೆಯ ಪಶ್ಚಿಮದ ಮಲೆನಾಡಿನಲ್ಲಿ ಧಾರಾಕಾರ ಮಳೆಯಾದರೂ ಬಾಬಾಬುಡನ್‌ಗಿರಿ ಸಾಲಿನ ಪೂರ್ವಕ್ಕಿರುವ ಕಡೂರು ಬಯಲುಸೀಮೆಯು ಮಳೆಯ ನೆರಳಿನ ಪ್ರದೇಶವಾಗಿರುತ್ತದೆ. ಅಯ್ಯನಕೆರೆ, ಮದಗದಕೆರೆಗಳಂತಹ ದೊಡ್ಡ ಕೆರೆಗಳ ನೀರು ತಲುಪದ ಗ್ರಾಮಗಳಲ್ಲಿ ಕುಡಿಯುವ ನೀರಿಗೂ ತೋಟಕ್ಕೂ ಕೊಳವೆ ಬಾವಿಯೇ ಆಧಾರ. ಕೇಂದ್ರ ಅಂತರ್ಜಲ ಮಂಡಳಿಯು ರಾಜ್ಯದೊಂದಿಗೆ ನಡೆಸುವ ಅಂದಾಜುಗಳಲ್ಲಿ ಕಡೂರು ತಾಲ್ಲೂಕು ಪದೇ ಪದೇ ಅತಿಬಳಕೆಯ ವರ್ಗದಲ್ಲಿ ಕಾಣಿಸಿಕೊಂಡಿದೆ. ಅಂದರೆ, ವರ್ಷದಲ್ಲಿ ಇಂಗುವ ನೀರಿಗಿಂತ ಹೆಚ್ಚು ನೀರನ್ನು ಮೇಲೆತ್ತಲಾಗುತ್ತಿದೆ.

ಇಲ್ಲಿನ ನೆಲದಡಿ ಇರುವುದು ಗ್ನೈಸ್, ಗ್ರಾನೈಟ್ ಹಾಗೂ ಶಿಸ್ಟ್ ಜಾತಿಯ ಗಟ್ಟಿ ಬಂಡೆಗಳು. ಗಂಗಾ ಬಯಲಿನ ಮರಳಿನಂತೆ ಈ ಬಂಡೆಗಳ ಮೈಯೊಳಗೆ ನೀರು ನಿಲ್ಲುವುದಿಲ್ಲ. ಮೇಲಿನ ಶಿಥಿಲ ಪದರದಲ್ಲಿಯೂ ಅದರ ಕೆಳಗಿನ ಬಿರುಕುಗಳಲ್ಲಿಯೂ ಮಾತ್ರ ನೀರು ಇರುತ್ತದೆ. ಆದುದರಿಂದ 200 ಮೀಟರ್ ಆಳದ ಬಾವಿಯೊಂದು ಕೇವಲ ಎರಡು ಅಥವಾ ಮೂರು ಬಿರುಕುಗಳನ್ನು ನಂಬಿಕೊಂಡಿರುವುದು ಅಪರೂಪವಲ್ಲ. ಆ ಬಿರುಕುಗಳ ಅಗಲ ಹಲವು ವೇಳೆ ಕೆಲವೇ ಮಿಲಿಮೀಟರುಗಳು. ಅವುಗಳಲ್ಲಿ ಒಂದು ಕೆಸರಿನಿಂದ ಮುಚ್ಚಿದರೂ ಬಾವಿಯ ಇಳುವರಿಯ ದೊಡ್ಡ ಪಾಲು ನಷ್ಟವಾಗುತ್ತದೆ.

ಕೆಸರು ಬಾವಿಯಲ್ಲಿ ಉಳಿಯುವ ಬಗೆ

ನಮ್ಮ ಭಾಗದಲ್ಲಿ ಕೊಳವೆ ಬಾವಿಗಳನ್ನು ಗಾಳಿಯ ಒತ್ತಡದಿಂದ ಕೆಲಸ ಮಾಡುವ ಸುತ್ತಿಗೆ ಯಂತ್ರದಿಂದ ಕೊರೆಯಲಾಗುತ್ತದೆ. 1967ರ ಬರಗಾಲದ ಸಂದರ್ಭದಲ್ಲಿ ಯುನಿಸೆಫ್ ಸಂಸ್ಥೆಯು ಗಟ್ಟಿ ಬಂಡೆ ಪ್ರದೇಶಗಳಿಗಾಗಿ ಭಾರತಕ್ಕೆ ತರಿಸಿದ ಯಂತ್ರಗಳಿಂದ ಈ ವಿಧಾನವು ದೇಶದಲ್ಲಿ ಬೇರೂರಿತು. ಕಂಪ್ರೆಸರ್‌ನಿಂದ ಬಂದ ಗಾಳಿಯು ಕೊಳವೆಯ ತುದಿಯ ಸುತ್ತಿಗೆಯನ್ನು ಬಡಿಸುತ್ತದೆ. ಅದೇ ಗಾಳಿ ಪುಡಿಯಾದ ಕಲ್ಲನ್ನು ಮೇಲಕ್ಕೆ ಹೊತ್ತು ತರುತ್ತದೆ. ಒಣ ಬಂಡೆಯಲ್ಲಿ ಇದು ಧೂಳಾಗಿ ಹೊರಬರುತ್ತದೆ. ನೀರು ತಗುಲಿದ ನಂತರ ಕಲ್ಲಿನ ಹಿಟ್ಟು ನೀರಿನೊಂದಿಗೆ ಬೆರೆತು ಗಟ್ಟಿ ಗಾರೆಯಂತಾಗಿ, ಬಾವಿಯ ಗೋಡೆಗೆ ಮೆತ್ತಿಕೊಳ್ಳುತ್ತದೆ. ಒತ್ತಡದ ಗಾಳಿಯು ಈ ಗಾರೆಯನ್ನು ಬಿರುಕುಗಳ ಒಳಕ್ಕೂ ತಳ್ಳುತ್ತದೆ. ಶಿಸ್ಟ್ ಬಂಡೆ ಮತ್ತು ಜೇಡಿ ತುಂಬಿದ ಬಿರುಕುಗಳಿರುವ ಕಡೆ ಈ ಲೇಪ ಹೆಚ್ಚು ಅಂಟಾಗಿರುತ್ತದೆ.

ಕೊರೆತ ಮುಗಿದ ಮೇಲೆ ನೀರು ತಿಳಿಯಾಗುವವರೆಗೆ ಗಾಳಿ ಊದಿ ಬಾವಿಯನ್ನು ತೊಳೆಯುವುದು ಕೆಲಸದ ಅವಿಭಾಜ್ಯ ಅಂಗ. ಆದರೆ ಕೊರೆತದ ದರವನ್ನು ಅಡಿಯ ಲೆಕ್ಕದಲ್ಲಿ ನಿಗದಿಪಡಿಸುವುದರಿಂದ, ತೊಳೆಯುವ ಗಂಟೆಗಳಿಗೆ ಪ್ರತ್ಯೇಕ ಹಣ ದೊರೆಯದ ಕಡೆ ಈ ಹಂತವನ್ನು ಅವಸರದಲ್ಲಿ ಮುಗಿಸುವ ಸಂಭವವಿರುತ್ತದೆ. ರಾತ್ರಿ ಕೊರೆದು ಬೆಳಗಾಗುವುದರೊಳಗೆ ಯಂತ್ರವು ಮುಂದಿನ ಊರಿಗೆ ಹೊರಡುವ ಸಂದರ್ಭಗಳಲ್ಲಿ ಮಾಲೀಕರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಹೊಸ ಬಾವಿ ಕೊರೆಯಿಸುವವರು, ನೀರು ಕಲ್ಲಿನ ಹಿಟ್ಟಿಲ್ಲದೆ ತಿಳಿಯಾಗಿ ಬರುವವರೆಗೆ ತೊಳೆಯಬೇಕೆಂಬ ಷರತ್ತನ್ನು ಮೊದಲೇ ಲಿಖಿತವಾಗಿ ಒಪ್ಪಿಸಿಕೊಳ್ಳುವುದು ಸೂಕ್ತ.

ವರ್ಷಗಳು ಕಳೆದ ನಂತರವೂ ಹೂಳು ಸೇರುವುದುಂಟು. ಕೇಸಿಂಗ್ ಕೊಳವೆಯು ಗಟ್ಟಿ ಬಂಡೆಯ ಮೇಲೆ ಸರಿಯಾಗಿ ಕೂರದಿದ್ದಲ್ಲಿ ಮೇಲಿನ ಶಿಥಿಲ ಮಣ್ಣು ಸಂದಿನಿಂದ ಇಳಿಯುತ್ತಲೇ ಇರುತ್ತದೆ. ನೆರೆಯ ಜಮೀನಿನಲ್ಲಿ ಹೊಸ ಬಾವಿ ಕೊರೆಯುವಾಗ ತಮ್ಮ ಬಾವಿಯಲ್ಲಿ ಬೂದು ಬಣ್ಣದ ನೀರು ಬಂದಿತೆಂದು ಕೆಲವು ರೈತರು ಹೇಳುವುದುಂಟು. ಎರಡೂ ಬಾವಿಗಳನ್ನು ಒಂದೇ ಬಿರುಕು ಕೂಡಿಸುತ್ತಿದ್ದರೆ ಇದು ಸಂಭವನೀಯವೇ. ಅಂತಹ ದಿನಗಳಲ್ಲಿ ಪಂಪನ್ನು ನಿಲ್ಲಿಸಿ, ಕೊರೆತ ಮುಗಿದ ನಂತರ ನೀರು ತಿಳಿಯಾಗುವವರೆಗೆ ಹೊರಬಿಡುವುದು ಉತ್ತಮ.

ಸಂಗ್ರಹವಾಗುವ ಹೂಳಿನ ಪ್ರಮಾಣವನ್ನು ಲಘುವಾಗಿ ಎಣಿಸಬಾರದು. ಆರೂವರೆ ಇಂಚು, ಅಂದರೆ 165 ಮಿಲಿಮೀಟರ್ ವ್ಯಾಸದ ಬಾವಿಯ ಒಂದು ಮೀಟರ್ ಉದ್ದವು ಸುಮಾರು 21 ಲೀಟರ್ ಹಿಡಿಯುತ್ತದೆ. ತಳದಲ್ಲಿ 30 ಮೀಟರ್ ಹೂಳು ತುಂಬಿದ್ದರೆ ಅದು 640 ಲೀಟರಿನಷ್ಟು ಗಟ್ಟಿ ಕೆಸರು. ತಳದ ಬಿರುಕು ಅದರ ಕೆಳಗೆ ಹೂತುಹೋಗಿರುತ್ತದೆ. ಸಬ್‌ಮರ್ಸಿಬಲ್ ಪಂಪಿನ ಮೋಟಾರು ಸುತ್ತಲಿನ ನೀರಿನಿಂದಲೇ ತಂಪಾಗುವುದರಿಂದ, ಹೂಳು ಮೋಟಾರಿನವರೆಗೆ ಏರಿದಲ್ಲಿ ಅದು ಸುಟ್ಟುಹೋಗುತ್ತದೆ. ಒಂದೇ ಬಾವಿಯಲ್ಲಿ ಮೋಟಾರು ಮೇಲಿಂದ ಮೇಲೆ ಸುಡುತ್ತಿದ್ದರೆ ವಿದ್ಯುತ್ ಒತ್ತಡವನ್ನು ಮಾತ್ರ ದೂರದೆ ಬಾವಿಯ ತಳವನ್ನೂ ಅಳೆದು ನೋಡತಕ್ಕದ್ದು.

ತೈಲ ಬಾವಿಗಳಲ್ಲಿ ಇದೇ ಸಮಸ್ಯೆ

ಕರ್ನಾಟಕದಲ್ಲಿ ತೈಲ ಬಾವಿಗಳಿಲ್ಲ. ಆದರೂ ಈ ಸಮಸ್ಯೆಯನ್ನು ಅತಿ ಹೆಚ್ಚು ಅಧ್ಯಯನ ಮಾಡಿರುವುದು ತೈಲ ಉದ್ಯಮವೇ ಆದುದರಿಂದ ಅದರ ಪ್ರಸ್ತಾಪ ಇಲ್ಲಿ ಉಪಯುಕ್ತ. ತೈಲ ಬಾವಿಯನ್ನು ಗಾಳಿಗೆ ಬದಲಾಗಿ, ಬೆಂಟೊನೈಟ್ ಜೇಡಿ ಮತ್ತು ತೂಕಕ್ಕಾಗಿ ಬೆರೈಟ್ ಖನಿಜ ಬೆರೆಸಿದ ಕೆಸರು ದ್ರವವನ್ನು ಹರಿಸುತ್ತಾ ಕೊರೆಯಲಾಗುತ್ತದೆ. ಈ ದ್ರವವು ಕೊರೆಯುವ ತುದಿಯನ್ನು ತಂಪಾಗಿಸಿ, ಪುಡಿಯನ್ನು ಮೇಲೆ ತಂದು, ಆಳದ ಅನಿಲ ಮತ್ತು ತೈಲದ ಒತ್ತಡವನ್ನು ಹತೋಟಿಯಲ್ಲಿಡುತ್ತದೆ. ಗೋಡೆಯ ಮೇಲೆ ಅದು ಕಟ್ಟುವ ತೆಳುವಾದ ಪದರವು ಕೊರೆಯುವಾಗ ರಕ್ಷಣೆ. ತೈಲ ತೆಗೆಯುವಾಗ ಅದೇ ಅಡ್ಡಿ. ಬಾವಿಯ ಸುತ್ತ ಹೀಗೆ ಕೆಟ್ಟ ವಲಯದಿಂದ ಆಗುವ ಇಳುವರಿ ನಷ್ಟವನ್ನು ಲೆಕ್ಕ ಹಾಕುವ ಕ್ರಮವನ್ನು ತಜ್ಞರು 1953ರಲ್ಲಿ ರೂಪಿಸಿ, ಅದಕ್ಕೆ ‘ಸ್ಕಿನ್’ ಅಂದರೆ ಚರ್ಮ ಎಂಬ ಹೆಸರನ್ನೇ ಇಟ್ಟರು. ಅದನ್ನು ನಿವಾರಿಸಲು ಸುಣ್ಣಕಲ್ಲಿನಲ್ಲಿ ಹೈಡ್ರೋಕ್ಲೋರಿಕ್ ಆಮ್ಲ, ಮರಳುಗಲ್ಲಿನಲ್ಲಿ ಅದರೊಂದಿಗೆ ಹೈಡ್ರೋಫ್ಲೋರಿಕ್ ಆಮ್ಲ, ಮತ್ತು ಕಿಣ್ವಗಳನ್ನು ಬಳಸಲಾಗುತ್ತದೆ.

ಈ ಆಮ್ಲಗಳನ್ನು ನಮ್ಮ ನೀರಿನ ಬಾವಿಗಳಿಗೆ ತರುವ ಪ್ರಶ್ನೆಯೇ ಇಲ್ಲ. ಹೈಡ್ರೋಫ್ಲೋರಿಕ್ ಆಮ್ಲವು ಮಾರಕ. ಗ್ರಾನೈಟ್, ಗ್ನೈಸ್ ಬಂಡೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲದಿಂದ ಹೆಚ್ಚಿನ ಪ್ರಯೋಜನವಿಲ್ಲ, ಏಕೆಂದರೆ ಅಲ್ಲಿ ಅಂಟಿರುವುದು ಸುಣ್ಣವಲ್ಲ, ಕಲ್ಲಿನ ಹಿಟ್ಟು. ತೈಲ ಉದ್ಯಮದಿಂದ ಕಲಿಯಬೇಕಾದ ಪಾಠ ಬೇರೆ: ಬಾವಿಯ ಗೋಡೆಯ ಸುತ್ತಲಿನ ಅಲ್ಪ ಅಂತರದಲ್ಲಿ ಆಗುವ ಕಟ್ಟು, ದೂರದಲ್ಲಿ ಎಷ್ಟೇ ಸಂಗ್ರಹವಿದ್ದರೂ ಬಾವಿಯನ್ನು ಬಡವಾಗಿಸಬಲ್ಲದು.

ಬಾವಿ ಕಟ್ಟಿದೆಯೋ, ಬತ್ತಿದೆಯೋ

ಹಣ ಖರ್ಚು ಮಾಡುವ ಮುನ್ನ ಉತ್ತರಿಸಿಕೊಳ್ಳಬೇಕಾದ ಪ್ರಶ್ನೆ ಇದೊಂದೇ. ಇದಕ್ಕೆ ಎರಡು ಅಳತೆಗಳು ಸಾಕು. ಇವನ್ನು ಪಂಪು ಮೇಲೆತ್ತಿದ ದಿನ ಯಾರಾದರೂ ಮಾಡಬಹುದು.

ಮೊದಲನೆಯದು ತಳದ ಅಳತೆ. ನೈಲಾನ್ ಹಗ್ಗಕ್ಕೆ ಭಾರ ಕಟ್ಟಿ ಇಳಿಸಿ, ಭಾರ ತಳ ಮುಟ್ಟಿದಾಗ ಹಗ್ಗದ ಉದ್ದವನ್ನು ಅಳೆಯತಕ್ಕದ್ದು. ಕೊರೆದಾಗಿನ ಆಳಕ್ಕಿಂತ ಇದು ಗಣನೀಯವಾಗಿ ಕಡಿಮೆಯಿದ್ದಲ್ಲಿ ಹೂಳು ತುಂಬಿದೆ, ಇಲ್ಲವೇ ಬಾವಿ ನಡುವೆ ಕುಸಿದಿದೆ ಎಂದರ್ಥ. ಈ ಹೋಲಿಕೆಗೆ ಕೊರೆದ ದಿನದ ದಾಖಲೆ, ಅಂದರೆ ಒಟ್ಟು ಆಳ, ಕೇಸಿಂಗ್ ಉದ್ದ, ನೀರು ತಗುಲಿದ ಆಳಗಳು ಮತ್ತು ಆ ದಿನದ ಇಳುವರಿ ಬೇಕಾಗುತ್ತದೆ. ಬಿಲ್ಲಿನ ಹಿಂಬದಿಯಲ್ಲಿ ಬರೆದಿಟ್ಟ ನಾಲ್ಕು ಅಂಕಿಗಳು ಹತ್ತು ವರ್ಷಗಳ ನಂತರ ದೊಡ್ಡ ಮೊತ್ತವನ್ನು ಉಳಿಸಿಕೊಡಬಲ್ಲವು.

ಎರಡನೆಯದು ನಿಶ್ಚಲ ನೀರಿನ ಮಟ್ಟ. ಪಂಪನ್ನು ಒಂದು ರಾತ್ರಿ ನಿಲ್ಲಿಸಿ, ಬೆಳಿಗ್ಗೆ ನೀರು ಎಷ್ಟು ಆಳದಲ್ಲಿದೆ ಎಂಬುದನ್ನು ನೋಡತಕ್ಕದ್ದು. ನೀರಿನ ಮಟ್ಟ ಹಿಂದಿನಷ್ಟೇ ಇದ್ದು, ಪಂಪು ಚಾಲೂ ಮಾಡಿದ ಸ್ವಲ್ಪ ಹೊತ್ತಿನಲ್ಲಿಯೇ ನೀರು ಜರ್ರನೆ ಇಳಿದು ನಿಂತುಹೋಗುತ್ತಿದ್ದರೆ, ಅದರಲ್ಲಿಯೂ ಅಕ್ಕಪಕ್ಕದ ಬಾವಿಗಳು ಚೆನ್ನಾಗಿಯೇ ಇದ್ದರೆ, ಬಿರುಕುಗಳು ಕಟ್ಟಿಕೊಂಡಿರುವ ಸಂಭವ ಹೆಚ್ಚು. ಇದಕ್ಕೆ ವಿರುದ್ಧವಾಗಿ, ನಿಶ್ಚಲ ಮಟ್ಟವೇ ಬಹಳ ಕೆಳಗಿಳಿದಿದ್ದು ಸುತ್ತಲಿನ ಬಾವಿಗಳೂ ಸೊರಗಿದ್ದರೆ ಅದು ಅಂತರ್ಜಲ ಕುಸಿತ. ಮೇಲಿನ ಬಿರುಕುಗಳು ಖಾಲಿಯಾಗಿರುವ ಅಂತಹ ಬಾವಿಯನ್ನು ಎಷ್ಟು ತೊಳೆದರೂ ನೀರು ಬಾರದು. ಸತತ ಬರದ ವರ್ಷಗಳಲ್ಲಿ ಕಡೂರು ತಾಲ್ಲೂಕಿನ ಹಲವು ಬಾವಿಗಳ ಸ್ಥಿತಿ ಈ ಎರಡನೆಯದೇ ಆಗಿರುತ್ತದೆ ಎಂಬುದನ್ನು ಸ್ಪಷ್ಟವಾಗಿ ತಿಳಿಸಬೇಕಾಗಿದೆ. ಅಳತೆ ಮಾಡದೆಯೇ ‘ತೊಳೆದರೆ ನೀರು ಗ್ಯಾರಂಟಿ’ ಎನ್ನುವವರ ಮಾತಿಗೂ, ಅಂಗೈ ಮೇಲೆ ತೆಂಗಿನಕಾಯಿ ನಿಲ್ಲಿಸಿ ಹೊಸ ಬಿಂದು ತೋರಿಸುವವರ ಮಾತಿಗೂ ಹೆಚ್ಚಿನ ವ್ಯತ್ಯಾಸವಿಲ್ಲ.

ಇಳುವರಿಯ ಅಳತೆ: ‘ಇಂಚು’ ಎಂದರೇನು

ಗ್ರಾಮಾಂತರದಲ್ಲಿ ‘ಎರಡು ಇಂಚು ನೀರು’, ‘ಮೂರು ಇಂಚು ನೀರು’ ಎಂದು ಹೇಳುವ ವಾಡಿಕೆಯಿದೆ. ಇದು ಕೊಳವೆಯ ವ್ಯಾಸವಲ್ಲ. ಹರಿದುಬರುವ ನೀರಿಗೆ ಅಡ್ಡಲಾಗಿ ನಿಲ್ಲಿಸಿದ ತಗಡಿನಲ್ಲಿ, 90 ಡಿಗ್ರಿ ಕೋನದ ‘ವಿ’ ಆಕಾರದ ಕಚ್ಚಿನಲ್ಲಿ ನೀರು ಎಷ್ಟು ಎತ್ತರ ಹರಿಯುತ್ತದೆ ಎಂಬ ಅಳತೆ. ಕಚ್ಚು ಮೇಲೆ ಹೋದಂತೆ ಅಗಲವಾಗುವುದರಿಂದ ಇಂಚಿಗೂ ಲೀಟರಿಗೂ ನೇರ ಸಂಬಂಧವಿಲ್ಲ. ಒಂದು ಇಂಚಿಗೆ ಗಂಟೆಗೆ ಸುಮಾರು 510 ಲೀಟರ್, ಎರಡು ಇಂಚಿಗೆ ಸುಮಾರು 2,900 ಲೀಟರ್, ಮೂರು ಇಂಚಿಗೆ ಸುಮಾರು 8,000 ಲೀಟರ್ ಆಗುತ್ತದೆ. ಎರಡು ಇಂಚಿನಿಂದ ಒಂದು ಇಂಚಿಗೆ ಇಳಿದ ಬಾವಿಯು ಅರ್ಧ ನೀರನ್ನಲ್ಲ, ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚನ್ನು ಕಳೆದುಕೊಂಡಿರುತ್ತದೆ. ಹಾಗೆಯೇ, ಶುಚಿಗೊಳಿಸಿದ ಮೇಲೆ ಅರ್ಧ ಇಂಚು ಏರಿದರೂ ಅದು ಸಣ್ಣ ಗಳಿಕೆಯಲ್ಲ.

ತಗಡು ಇಲ್ಲದಿದ್ದಲ್ಲಿ ಬಕೆಟ್ಟೇ ಸಾಕು. 20 ಲೀಟರಿನ ಬಕೆಟ್ 25 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 2,880 ಲೀಟರ್, ಅಂದರೆ ಎರಡು ಇಂಚಿಗೆ ಸಮ. ಆದರೆ ಪಂಪು ಚಾಲೂ ಮಾಡಿದ ಕೂಡಲೇ ಅಳೆಯಬಾರದು. ಬಾವಿಯಲ್ಲಿ ನಿಂತಿದ್ದ ನೀರು ಹೊರಬಂದು ಹರಿವು ಸ್ಥಿರವಾದ ನಂತರವೇ ಅಳೆಯತಕ್ಕದ್ದು. ಶುಚಿಗೊಳಿಸುವ ಮೊದಲು ಮತ್ತು ನಂತರ ಒಂದೇ ರೀತಿಯಲ್ಲಿ ಅಳೆದು ಬರೆದಿಟ್ಟುಕೊಳ್ಳದ ಹೊರತು, ಕೊಟ್ಟ ಹಣಕ್ಕೆ ಪ್ರತಿಫಲ ದೊರೆಯಿತೇ ಎಂದು ತಿಳಿಯಲು ಬೇರೆ ದಾರಿಯಿಲ್ಲ.

ಶುಚಿಗೊಳಿಸುವ ವಿಧಾನ

ವಿದ್ಯುತ್ ಸಂಪರ್ಕವನ್ನು ಕಡಿತಗೊಳಿಸಿ ಪಂಪು ಮತ್ತು ಕೊಳವೆಗಳನ್ನು ಮೇಲೆತ್ತಿದ ನಂತರ, ಕಂಪ್ರೆಸರ್‌ಗೆ ಜೋಡಿಸಿದ ಕೊಳವೆಗಳನ್ನು ಬಾವಿಗೆ ಇಳಿಸಲಾಗುತ್ತದೆ. ಗಾಳಿಯನ್ನು ಮೊದಲು ಕಡಿಮೆ ಒತ್ತಡದಲ್ಲಿ ಬಿಡತಕ್ಕದ್ದು. ಮೇಲಿನಿಂದ ಹಂತ ಹಂತವಾಗಿ ಕೆಳಗಿಳಿಯಬೇಕೇ ಹೊರತು ಒಮ್ಮೆಲೇ ಹೂಳಿನೊಳಕ್ಕೆ ಕೊಳವೆಯನ್ನು ನುಗ್ಗಿಸಬಾರದು. ಹಾಗೆ ಮಾಡಿದಲ್ಲಿ ಕೊಳವೆ ಸಿಕ್ಕಿಕೊಂಡು ಬಾವಿಯೇ ನಿರುಪಯುಕ್ತವಾಗುವ ಅಪಾಯವಿದೆ.

ಒಂದೇ ಸಮನೆ ಗಾಳಿ ಊದುವುದರಿಂದ ಪೂರ್ಣ ಫಲ ದೊರೆಯದು. ನೀರು ಒಂದೇ ದಿಕ್ಕಿನಲ್ಲಿ ಹರಿದಾಗ ಬಿರುಕಿನ ಬಾಯಲ್ಲಿ ಕಣಗಳು ಒಂದಕ್ಕೊಂದು ಆತುಕೊಂಡು ಸೇತುವೆಯಂತೆ ನಿಂತುಬಿಡುತ್ತವೆ. ಗಾಳಿಯನ್ನು ಕೆಲವು ನಿಮಿಷ ಬಿಟ್ಟು, ನಿಲ್ಲಿಸಿ, ಮತ್ತೆ ಬಿಟ್ಟಾಗ ಮೇಲೇರಿದ ನೀರು ಹಿಂದಕ್ಕೆ ಬಿದ್ದು ಬಿರುಕಿನೊಳಕ್ಕೆ ನುಗ್ಗುತ್ತದೆ, ಮರಳಿ ಹೊರಬರುತ್ತದೆ. ಈ ಹೋಗಿಬರುವ ಹರಿವೇ ಕಟ್ಟನ್ನು ಸಡಿಲಿಸುವುದು. ನೀರು ತಗುಲಿದ ಆಳಗಳ ದಾಖಲೆ ಇದ್ದಲ್ಲಿ ಆ ಆಳಗಳಲ್ಲಿಯೇ ಹೆಚ್ಚು ಹೊತ್ತು ಈ ಕೆಲಸ ನಡೆಸಬಹುದು.

ಆಗಿಂದಾಗ್ಗೆ ಗಾಜಿನ ಲೋಟದಲ್ಲಿ ನೀರು ಹಿಡಿದಿಟ್ಟು ತಳದಲ್ಲಿ ಎಷ್ಟು ಹಿಟ್ಟು ಕೂರುತ್ತದೆ ಎಂದು ನೋಡುತ್ತಿರಬೇಕು. ಗಾಳಿ ನಿಲ್ಲಿಸಿ ಪುನಃ ಬಿಟ್ಟಾಗಲೂ ಹಿಟ್ಟು ಬಾರದಿದ್ದರೆ ಮಾತ್ರ ಕೆಲಸ ಮುಗಿದಂತೆ. ಒಮ್ಮೆ ತಿಳಿ ನೀರು ಕಂಡದ್ದರಿಂದ ಮುಗಿಯಿತೆಂದು ಭಾವಿಸಬಾರದು. ಕೊನೆಯಲ್ಲಿ ಹಗ್ಗ ಇಳಿಸಿ ತಳವನ್ನು ಮತ್ತೆ ಅಳೆದ ನಂತರವೇ ಹಣ ಪಾವತಿಸುವುದು ಒಳಿತು. ಬೂದು ಹಿಟ್ಟಿನ ಬದಲು ಕೆಂಪು ಮಣ್ಣು ಅಥವಾ ಬೇರಿನ ಚೂರು ನಿಲ್ಲದೆ ಬರುತ್ತಿದ್ದರೆ ದೋಷವಿರುವುದು ಕೇಸಿಂಗ್‌ನಲ್ಲಿ. ಆಗ ಗಾಳಿ ಊದುವುದನ್ನು ನಿಲ್ಲಿಸಿ, ಬಾವಿಯೊಳಕ್ಕೆ ಇಳಿಸುವ ಕ್ಯಾಮೆರಾದಿಂದ ಪರೀಕ್ಷಿಸಿಕೊಳ್ಳತಕ್ಕದ್ದು.

ಅಂಟು ಜೇಡಿಯನ್ನು ಚದುರಿಸಲು ಪಾಲಿಫಾಸ್ಫೇಟ್ ಲವಣಗಳನ್ನು ಬಳಸುವ ಪದ್ಧತಿ ಇದೆ. ಇದನ್ನು ಅನುಭವಿಗಳ ಮೇಲ್ವಿಚಾರಣೆಯಲ್ಲಿ ಮಾತ್ರ ಮಾಡಿ, ಬಾವಿಯನ್ನು ಪೂರ್ಣವಾಗಿ ತೊಳೆದು ಹೊರಹಾಕತಕ್ಕದ್ದು. ಸೋಂಕು ನಿವಾರಣೆಗೆ ಬ್ಲೀಚಿಂಗ್ ಪುಡಿ ಹಾಕುವ ಬಾವಿಗೆ ಯಾವುದೇ ಆಮ್ಲವನ್ನು ಹಾಕಕೂಡದು; ಇವೆರಡೂ ಸೇರಿದಲ್ಲಿ ಪ್ರಾಣಾಪಾಯಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಅಧಿಕ ಒತ್ತಡದ ನೀರನ್ನು ನುಗ್ಗಿಸಿ ಬಿರುಕುಗಳನ್ನು ತೆರೆಯುವ ಜಲಭೇದನ ವಿಧಾನವು ಬೇರೆಯದು. ತೊಳೆದರೂ ಸುಧಾರಿಸದ, ಆದರೆ ನೀರಿನ ಮಟ್ಟ ಚೆನ್ನಾಗಿರುವ ಬಾವಿಗಳಿಗೆ ಅದು ಸೂಕ್ತವಾಗಬಹುದು.

ಮಳೆ ನೀರು ಇಂಗಿಸುವಾಗ ಎಚ್ಚರಿಕೆ

ಬತ್ತಿದ ಬಾವಿಗೆ ಮಳೆ ನೀರನ್ನು ಇಂಗಿಸುವ ಕಾರ್ಯ ಶ್ಲಾಘನೀಯ. ಆದರೆ ಹೊಲದ ಕೆಂಪು ನೀರನ್ನು ಅಥವಾ ಕೆರೆಯ ಕದಡಿದ ನೀರನ್ನು ಸೋಸದೆ ಕೇಸಿಂಗ್ ಮೂಲಕ ನೇರವಾಗಿ ಬಿಡುವುದು, ಕೊರೆತದ ಕೆಸರನ್ನು ಕೈಯಾರೆ ಮರಳಿ ತುಂಬಿದಂತೆ. ಒಂದೇ ಮಳೆಗಾಲದಲ್ಲಿ ಬಿರುಕುಗಳು ಮುಚ್ಚಿಹೋಗಬಹುದು. ಮೊದಲು ನೀರು ನಿಂತು ಹೂಳು ಕೂರುವ ಗುಂಡಿ, ನಂತರ ದಪ್ಪ ಕಲ್ಲು, ಜಲ್ಲಿ ಮತ್ತು ಮರಳಿನ ಸೋಸುಗುಂಡಿ ಇರತಕ್ಕದ್ದು. ಮರಳಿನ ಮೇಲ್ಪದರವನ್ನು ಪ್ರತಿ ಮಳೆಗಾಲಕ್ಕೆ ಮುನ್ನ ತೆಗೆದು ಬದಲಿಸತಕ್ಕದ್ದು. ಗೊಬ್ಬರ, ಕೀಟನಾಶಕ ಬೆರೆತ ನೀರನ್ನು ಯಾವುದೇ ಕಾರಣಕ್ಕೂ ಬಿಡಬಾರದು.

ಸುರಕ್ಷತೆ

ಪಂಪು ಮೇಲೆತ್ತಿದ ಬಾವಿ ತೆರೆದ ಬಾವಿ. ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ನೀಡಿದ ನಿರ್ದೇಶನಗಳಲ್ಲಿ, ಪಂಪು ದುರಸ್ತಿಯ ಸಮಯದಲ್ಲಿ ಬಾವಿಯನ್ನು ತೆರೆದಿಡಬಾರದೆಂದೂ, ಕೆಲಸದ ಸುತ್ತ ಬೇಲಿ ಹಾಗೂ ಸೂಚನಾ ಫಲಕವಿರಬೇಕೆಂದೂ, ಕೆಸರಿನ ಗುಂಡಿ ಮತ್ತು ಕಾಲುವೆಗಳನ್ನು ಕೆಲಸ ಮುಗಿದ ಮೇಲೆ ಮುಚ್ಚಬೇಕೆಂದೂ, ಕೈಬಿಟ್ಟ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲುಗಳಿಂದ ತುಂಬಬೇಕೆಂದೂ ವಿಧಿಸಲಾಗಿದೆ. 2014ರಲ್ಲಿ ಬಾಗಲಕೋಟೆ ಜಿಲ್ಲೆಯ ಸೂಳಿಕೇರಿಯಲ್ಲಿ, 2017ರಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ತೆರೆದ ಕೊಳವೆ ಬಾವಿಗೆ ಬಿದ್ದ ಮಕ್ಕಳು ಬದುಕಲಿಲ್ಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಮಗುವೊಂದನ್ನು ಜೀವಂತವಾಗಿ ಹೊರತೆಗೆಯಲಾಯಿತು. ಊಟಕ್ಕೆ ಹೋಗುವಷ್ಟು ಹೊತ್ತಿಗಾದರೂ ಸರಿ, ಬಾಯಿಯನ್ನು ಬೋಲ್ಟು ಹಾಕಿದ ಮುಚ್ಚಳದಿಂದ ಮುಚ್ಚತಕ್ಕದ್ದು. ಗೋಣಿಚೀಲ ಅಥವಾ ಚಪ್ಪಡಿ ಕಲ್ಲು ಮುಚ್ಚಳವಲ್ಲ.

ಹೊರಬಂದ ಕೆಸರನ್ನು ಗುಂಡಿಯಲ್ಲಿ ಹಿಡಿದು ಒಣಗಿಸತಕ್ಕದ್ದು. ಕೆರೆ, ಹಳ್ಳ ಅಥವಾ ನೆರೆಯವರ ಜಮೀನಿಗೆ ಬಿಡಬಾರದು.

ಅನುಮತಿ ಹಾಗೂ ಅರ್ಜಿ ಸಂಬಂಧಿತ ಮಾಹಿತಿ

ಇರುವ ಬಾವಿಯನ್ನು ತೊಳೆಯುವುದು ಹೊಸ ಬಾವಿ ಕೊರೆದಂತಲ್ಲ. ಆದರೆ ತೊಳೆಯಲು ಬಂದ ಯಂತ್ರದಿಂದಲೇ ಬಾವಿಯನ್ನು ಇನ್ನಷ್ಟು ಆಳಗೊಳಿಸುವ ಸಲಹೆ ಬಂದಲ್ಲಿ, ಒಪ್ಪುವ ಮುನ್ನ ಜಿಲ್ಲಾ ಅಂತರ್ಜಲ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಹೊಸ ಬಾವಿ ತೋಡುವುದನ್ನು 1999ರ ಅಧಿನಿಯಮವು ನಿರ್ಬಂಧಿಸುತ್ತದೆ. 2011ರ ಕರ್ನಾಟಕ ಅಂತರ್ಜಲ ಅಧಿನಿಯಮದ ಮೇರೆಗೆ ಅಧಿಸೂಚಿತ ಪ್ರದೇಶಗಳಲ್ಲಿ ಹೊಸ ಬಾವಿಗೆ ಅನುಮತಿ ಅಗತ್ಯ. ಕೊರೆಯುವ ಯಂತ್ರವೂ ನೋಂದಣಿಯಾಗಿರಬೇಕು. ವಿಫಲ ಬಾವಿಯನ್ನು ಮುಚ್ಚದೆ ಬಿಡುವವರಿಗೆ ಸೆರೆವಾಸ ಮತ್ತು ದಂಡ ವಿಧಿಸಲು ಸದರಿ ಅಧಿನಿಯಮಕ್ಕೆ 2024ರಲ್ಲಿ ತಿದ್ದುಪಡಿ ತರಲಾಯಿತು.

ಗ್ರಾಮದ ಸಾರ್ವಜನಿಕ ಕೊಳವೆ ಬಾವಿಯಲ್ಲಿ ನೀರು ಕಡಿಮೆಯಾಗಿದ್ದಲ್ಲಿ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಯವರಿಗೆ ಲಿಖಿತ ಮನವಿ ಸಲ್ಲಿಸತಕ್ಕದ್ದು. ‘ನೀರು ಬರುತ್ತಿಲ್ಲ’ ಎಂದಷ್ಟೇ ಬರೆಯದೆ, ನೀರು ಕಡಿಮೆಯಾದ ತಿಂಗಳು, ನೀರಿನ ಬಣ್ಣ, ಬಕೆಟ್ ತುಂಬಲು ಬೇಕಾಗುವ ಸಮಯ ಮತ್ತು ಅಕ್ಕಪಕ್ಕದ ಬಾವಿಗಳ ಸ್ಥಿತಿಯನ್ನು ನಮೂದಿಸಿದಲ್ಲಿ, ಬಾವಿಯನ್ನು ತೊಳೆಯಬೇಕೋ ಬೇರೆ ಮೂಲ ಹುಡುಕಬೇಕೋ ಎಂಬ ತೀರ್ಮಾನ ಸುಲಭವಾಗುತ್ತದೆ. ಜಿಲ್ಲೆಯ ಬಯಲುಸೀಮೆಯ ಕೆಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಕಂಡುಬಂದಿರುವುದರಿಂದ, ಕುಡಿಯಲು ಬಳಸುವ ಬಾವಿಯ ನೀರನ್ನು ಶುಚಿಗೊಳಿಸಿದ ನಂತರ ಪರೀಕ್ಷೆಗೆ ಕಳುಹಿಸತಕ್ಕದ್ದು. ಭಾರತೀಯ ಮಾನಕದಂತೆ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರುವುದು ಅಪೇಕ್ಷಣೀಯ. ಬೇರೆ ಮೂಲವಿಲ್ಲದಿದ್ದಲ್ಲಿ 1.5 ಮಿಲಿಗ್ರಾಂ ಗರಿಷ್ಠ ಮಿತಿ.

ಗಂಗಾ ಕಲ್ಯಾಣ ಯೋಜನೆಯಡಿ ಕೊರೆದ ಬಾವಿಗಳ ಫಲಾನುಭವಿಗಳು, ಬಾವಿಯ ಆಳ, ಕೇಸಿಂಗ್ ಉದ್ದ ಮತ್ತು ಇಳುವರಿಯ ವಿವರಗಳ ಪ್ರತಿಯನ್ನು ಕೊರೆತ ಮುಗಿದ ಸಂದರ್ಭದಲ್ಲಿಯೇ ಕೇಳಿ ಪಡೆದು, ಪಹಣಿಯೊಂದಿಗೆ ಜೋಪಾನವಾಗಿ ಇಟ್ಟುಕೊಳ್ಳಲು ಕೋರಲಾಗಿದೆ.